ತೈಲವರ್ಣದ ತೋಟ

ವಿಜಯಪುರ ಜಿಲ್ಲೆಯ ಹೊಲಗಳಲ್ಲಿ ಅಗಸೆ, ಕುಸುಬೆ, ಶೇಂಗಾ ಮೂರೂ ಬೆಳೆಯುತ್ತವೆ. ಅಡುಗೆಮನೆಗೆ ಮೂರೂ ಬೇಕು. ಚಿತ್ರಕಾರನಿಗೆ ಮೊದಲಿನ ಎರಡು ಮಾತ್ರ ಪ್ರಯೋಜನಕರ. ಗಾಜಿನ ಮೇಲೆ ತೆಳುವಾಗಿ ಸವರಿದ ಶೇಂಗಾ ಎಣ್ಣೆ ವಾರಗಳು ಕಳೆದರೂ ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆಯಾದರೋ ಕೆಲವು ದಿನಗಳಲ್ಲಿ ಗಟ್ಟಿಯಾದ ಪೊರೆಯಾಗುತ್ತದೆ. ತಿಕೋಟಾ, ಬಬಲೇಶ್ವರಗಳ ಕಡೆ ದ್ರಾಕ್ಷಿಯು ನೀರನ್ನು ಕಳೆದುಕೊಂಡು ಒಣದ್ರಾಕ್ಷಿಯಾಗುವಂತೆ ಇದು ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಗೊಳ್ಳುತ್ತದೆ. ಇಂತಹ ಎಣ್ಣೆಯಲ್ಲಿ ಅರೆದ ಬಣ್ಣವೇ ತೈಲವರ್ಣ. ಕುಸುಬೆ ಎಣ್ಣೆ ಹೆಚ್ಚು ಹಳದಿಗೂಡದುದರಿಂದ ಬಿಳಿಯ ಬಣ್ಣಕ್ಕೆ ಒದಗುತ್ತದೆ.

ಐರೋಪ್ಯ ಚಿತ್ರಕಲೆಯ ಪರಿಚಯ ಈ ನಗರಕ್ಕೆ ಹೊಸದಲ್ಲ. ಇಮ್ಮಡಿ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಹಾರ್ಲೆಮ್ ನಗರದ ಡಚ್ ಚಿತ್ರಕಾರ ಕಾರ್ನೆಲಿಸ್ ಹೇಡಾ ಇದ್ದನು. ಆಸಾರ್ ಮಹಲಿನ ಭಿತ್ತಿಚಿತ್ರಗಳಲ್ಲಿಯೂ ಆ ಶೈಲಿಯ ಛಾಯೆಯುಂಟು. ಆದರೆ ಅವು ಬಹುಮಟ್ಟಿಗೆ ಮಾಸಿ ಕೆಟ್ಟಿವೆ. ಆದ್ದರಿಂದ ಇಲ್ಲಿ ತೈಲಚಿತ್ರವನ್ನು ಕಲಿಯಬಯಸುವವನು ದೂರದೇಶದ ಚಿತ್ರಗಳ ಮುದ್ರಿತ ಪ್ರತಿಗಳನ್ನೇ ಆಶ್ರಯಿಸಬೇಕಾಗುತ್ತದೆ.

ಪರೀಕ್ಷೆಯ ಕೊಠಡಿಯಲ್ಲಿ ನಕಲು ಅಪರಾಧ. ಚಿತ್ರಶಾಲೆಯಲ್ಲಿ ಅದೇ ಪಾಠ. ಫ್ರಾನ್ಸಿನ ಮೋರಿಸ್ ದೆನಿ 1893ರಲ್ಲಿ ಬರೆದ ‘ಕಲಾದೇವಿಯರು’ ಎಂಬ ಚಿತ್ರವನ್ನು ವಿದ್ಯಾರ್ಥಿಯೊಬ್ಬನು ಪ್ರತಿಮಾಡಲು ಕುಳಿತನೆಂದು ಭಾವಿಸೋಣ. ದೆನಿ ಸಂಕೇತವಾದಿಗಳ ಗುಂಪಿಗೆ ಸೇರಿದವನು. ಕಂಡದ್ದನ್ನು ಕಂಡಂತೆ ಚಿತ್ರಿಸುವುದು ಆ ಕಲಾವಿದರ ಗುರಿಯಾಗಿರಲಿಲ್ಲ. ಮನಸ್ಸಿನ ಭಾವಕ್ಕೆ ರೂಪ ಕೊಡುವುದು ಅವರಿಗೆ ಮುಖ್ಯವಾಗಿತ್ತು. ಆ ಚಿತ್ರದಲ್ಲಿ ಗ್ರೀಕ್ ಪುರಾಣದ ದೇವಿಯರು ಅಂದಿನ ಸಾಮಾನ್ಯ ಉಡುಪಿನಲ್ಲಿ ಮರಗಳ ನಡುವೆ ಕುಳಿತಿದ್ದಾರೆ, ಸುಳಿದಾಡುತ್ತಿದ್ದಾರೆ. ನೆಲದ ಮೇಲಿನ ಎಲೆಗಳು ಜಮಖಾನೆಯ ನೆಯ್ಗೆಯಂತೆ ತೋರುತ್ತವೆ.

ತೊಡಕು ಎದುರಾಗುವುದು ಇಲ್ಲಿಯೇ. ನಿಂಬೆಯ ತೋಟವನ್ನು ದಿನವೂ ಕಂಡ ಹುಡುಗನು ಮರವೆಂದೊಡನೆ ಹಸಿರನ್ನು ಕಲಸುತ್ತಾನೆ. ಮೂಲದಲ್ಲಿರುವುದು ಕಂದು, ಕಾವಿ, ಮಂಕಾದ ಹಳದಿ. ಕಣ್ಣು ಕಂಡದ್ದನ್ನು ಬಿಟ್ಟು ಮನಸ್ಸಿಗೆ ತಿಳಿದದ್ದನ್ನು ಕೈ ಬರೆದುಬಿಡುತ್ತದೆ! ಇದಕ್ಕೊಂದು ಸುಲಭ ಉಪಾಯವುಂಟು. ಮೂಲವನ್ನೂ ಪ್ರತಿಯನ್ನೂ ತಲೆಕೆಳಗಾಗಿ ಇಟ್ಟರೆ ಮರವು ಮರವಾಗಿ ತೋರದೆ ಬರಿಯ ಬಣ್ಣದ ತುಂಡಾಗಿ ಕಾಣುತ್ತದೆ. ಆಗ ಎರಡನ್ನೂ ಹೋಲಿಸಬಹುದು.

ಎಲೆಗಳಿಂದ ಆರಂಭಿಸುವುದು ಎಳಸು ಕೈಯ ಆತುರ. ಮೊದಲು ಚೌಕಗಳನ್ನೆಳೆದು ಆಕಾರಗಳನ್ನು ಗುರುತಿಸಬೇಕು. ಬಳಿಕ ಟರ್ಪೆಂಟೈನಿನಲ್ಲಿ ತೆಳುಮಾಡಿದ ಕಂದುಬಣ್ಣದಿಂದ ನೆರಳುಬೆಳಕುಗಳನ್ನು ಹಾಕಬೇಕು. ಆ ಲೇಪ ಒಣಗಿದ ಮೇಲೆ ಮುಂದಿನದು. ಕೆಳಗಿನ ಲೇಪದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕೆಂಬುದು ತೈಲಚಿತ್ರದ ಮೂಲನಿಯಮ. ಇದಕ್ಕೆ ವಿರುದ್ಧವಾದರೆ ಮೇಲಿನ ಪೊರೆ ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗುತ್ತಿರುವುದರಿಂದ ಚಿತ್ರವು ಬಿರಿಯುತ್ತದೆ. ಬೇಸಿಗೆಯ ಎರೆಹೊಲವನ್ನು ಕಂಡವರಿಗೆ ಆ ಬಿರುಕಿನ ಕಲ್ಪನೆ ಬಂದೀತು. ಬರಿಯ ಕಣ್ಣಿನ ನೋಟಕ್ಕೆ ಸಿಗದ ಈ ಕ್ರಮವು ಪ್ರತಿ ಮಾಡುವವನ ಕೈಗೆ ದಕ್ಕುತ್ತದೆ.

ಆದರೂ ಮುದ್ರಿತ ಪ್ರತಿಯು ಎಲ್ಲವನ್ನೂ ಕಲಿಸಲಾರದು. ಐದೂವರೆ ಅಡಿಗೂ ಮಿಕ್ಕ ಎತ್ತರದ ಚಿತ್ರ ಅಂಗೈಯಗಲವಾದಾಗ ಕುಂಚದ ಗುರುತುಗಳು ಅಳಿಸಿಹೋಗುತ್ತವೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಮೂಲಚಿತ್ರದ ಎದುರೇ ನಿಂತು ಪ್ರತಿ ಮಾಡಲು ಅನುಮತಿಯುಂಟು; ಆದರೆ ಪ್ರತಿಯ ಅಳತೆ ಮೂಲದ ಅಳತೆಯಂತೆ ಇರಕೂಡದು. ಮೋಸಕ್ಕೆ ಎಡೆಯಾಗದಿರಲೆಂದೇ ಈ ಕಟ್ಟು. ಮನೆಯಲ್ಲಿ ಬರೆಯುವವನೂ ಮೂಲಕಾರನ ಹೆಸರನ್ನು ಹಿಂಬದಿಯಲ್ಲಿ ಕಾಣಿಸಬೇಕು. ವಾರ್ನಿಷ್ ಬಳಿಯಲು ಮಾತ್ರ ಅವಸರಪಡಬಾರದು; ಮೇಲೆ ಒಣಗಿದಂತೆ ಕಂಡರೂ ಒಳಗಿನ ಎಣ್ಣೆ ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ.