ಅರ್ನೆಸ್ಟೋ ಗಲಾರ್ಜನ ಹೋರಾಟವೂ ಗ್ರಂಥರಚನೆಯೂ

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಮೆಕ್ಸಿಕೋ ಮೂಲದ ಹೊಲಗೂಲಿಗಳ ಚಳುವಳಿಯೆಂದೊಡನೆ ಸೀಸರ್ ಚಾವೆಜನ ಹೆಸರು ನೆನಪಿಗೆ ಬರುವುದು. ಆ ಚಳುವಳಿಗೆ ಹದಿನೆಂಟು ವರ್ಷ ಮೊದಲೇ ಅದೇ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಕೂಲಿಕಾರರನ್ನು ಕೂಡಿಸಿ ಹೋರಾಡಿ ಸೋತವನು ಅರ್ನೆಸ್ಟೋ ಗಲಾರ್ಜ. ಈತನು ಗ್ರಂಥಕಾರನೂ ಅಹುದು. ಈತನ ಹೋರಾಟವೂ ಬರೆಹವೂ ಒಂದೇ ಬೇರಿನಿಂದ ಚಿಗುರಿದವು. ಒಂದು ಭಾಷೆಯವರ ಕಷ್ಟವನ್ನು ಇನ್ನೊಂದು ಭಾಷೆಯವರಿಗೆ ತಿಳಿಯಹೇಳುವ ದುಭಾಷಿಯ ಕಾರ್ಯವೇ ಆ ಬೇರು.

ಗಲಾರ್ಜನು 1905ನೆಯ ಇಸವಿಯಲ್ಲಿ ಮೆಕ್ಸಿಕೋ ದೇಶದ ಪಶ್ಚಿಮಕ್ಕೆ, ಇಂದು ನಾಯಾರೀತ್ ಎನಿಸಿಕೊಳ್ಳುವ ಪ್ರಾಂತದ ಹಾಲ್ಕೊಕೋಟಾನ್ ಎಂಬ ಬೆಟ್ಟದ ಹಳ್ಳಿಯಲ್ಲಿ ಜನಿಸಿದನು. 1910ರಲ್ಲಿ ಮೊದಲಾದ ಕ್ರಾಂತಿಯ ಕ್ಷೋಭೆಯಲ್ಲಿ, ತಾಯಿಯೊಡನೆಯೂ ಇಬ್ಬರು ಸೋದರಮಾವಂದಿರೊಡನೆಯೂ ಊರೂರು ಅಲೆದು, ಕಡೆಗೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋ ನಗರದ 'ಬಾರಿಯೋ'ವನ್ನು ಸೇರಿದನು. ಈ ಸ್ಪಾನಿಷ್ ಶಬ್ದಕ್ಕೆ ಕನ್ನಡದಲ್ಲಿ 'ಕೇರಿ' ಎಂಬುದು ಹತ್ತಿರದ ಮಾತು. ತಾಯಿಯೂ ಒಬ್ಬ ಮಾವನೂ ಇನ್‌ಫ್ಲುಯೆಂಜಾ ರೋಗಕ್ಕೆ ತುತ್ತಾದರು. ಬಾಲಕನು ಶಾಲೆಯ ರಜೆಗಳಲ್ಲಿ ಹೊಲಗಳಲ್ಲಿ ದುಡಿದನು. ಕೂಲಿಗಳ ಬಿಡಾರದಲ್ಲಿ ಕೆಟ್ಟ ನೀರಿನಿಂದ ಕಾಯಿಲೆ ಹಬ್ಬಿದಾಗ, ಇಂಗ್ಲಿಷನ್ನು ಬಲ್ಲ ಕಾರಣದಿಂದ ಅಧಿಕಾರಿಗಳಿಗೆ ಅಹವಾಲು ಮುಟ್ಟಿಸುವ ಹೊಣೆ ಈತನ ಪಾಲಿಗೆ ಬಂದಿತು. ಜನರು ಒಟ್ಟುಗೂಡಬೇಕೆಂಬ ಸಲಹೆಯನ್ನು ಆತನು ಹೊತ್ತು ತಂದನು.

ತರುವಾಯ ಈತನು ಸ್ಟ್ಯಾನ್‌ಫರ್ಡ್, ಕೊಲಂಬಿಯಾ ವಿಶ್ವವಿದ್ಯಾನಿಲಯಗಳಲ್ಲಿ ವ್ಯಾಸಂಗಮಾಡಿ ಪಂಡಿತನೆನಿಸಿದನು. ವಾಷಿಂಗ್ಟನ್ನಿನ ಉದ್ಯೋಗವನ್ನು ಬಿಟ್ಟು 1947ರಲ್ಲಿ ಹೊಲಗೂಲಿಗಳ ಸಂಘವನ್ನು ಸೇರಿದನು. ಆ ವರ್ಷದ ಅಕ್ಟೋಬರಿನಲ್ಲಿ ಆರ್ವಿನ್ ಎಂಬಲ್ಲಿ ಡಿಜಾರ್ಜಿಯೋ ಕಂಪೆನಿಯ ತೋಟದ ಕೂಲಿಗಳು ಕೆಲಸ ನಿಲ್ಲಿಸಿದರು. ಮುಷ್ಕರವು 1950ರವರೆಗೆ ನಡೆದು ಸೋಲಿನಲ್ಲಿ ಮುಗಿಯಿತು.

ಈ ಸೋಲಿಗೆ ಕಾರಣಗಳು ಹಲವು. ಗಲಾರ್ಜನು ಮುಖ್ಯವಾಗಿ ಕಂಡುದು 'ಬ್ರಾಸೆರೋ' ಪದ್ಧತಿಯನ್ನು. ತೋಳೆಂಬ ಅರ್ಥದ ಸ್ಪಾನಿಷ್ ಶಬ್ದದಿಂದ ಹುಟ್ಟಿದ ಈ ಪದಕ್ಕೆ ತೋಳಿನಿಂದ ದುಡಿಯುವವನೆಂದು ಅರ್ಥ. 1942ರಿಂದ ಎರಡು ಸರ್ಕಾರಗಳ ಒಪ್ಪಂದದಂತೆ ಮೆಕ್ಸಿಕೋದಿಂದ ಕರಾರಿನ ಮೇಲೆ ಕೂಲಿಗಳನ್ನು ತರಿಸುತ್ತಿದ್ದರು. ಹೀಗೆ ಬಂದವನಿಗೆ ಇಷ್ಟಬಂದ ಯಜಮಾನನನ್ನು ಹುಡುಕಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ. ಅವನು ಸಿಕ್ಕುವವರೆಗೆ ಸ್ಥಳೀಯ ಕೂಲಿಗೆ ಹೆಚ್ಚು ಕೂಲಿಯನ್ನು ಕೇಳುವ ಬಲವೂ ಇರಲಿಲ್ಲ. ಇಬ್ಬರೂ ಒಂದೇ ನುಡಿಯವರು, ಒಂದೇ ಮೂಲದವರು. ಆದುದರಿಂದ ಗಲಾರ್ಜನು ಬಂದವರನ್ನು ದೂರದೆ ತರಿಸಿದ ವ್ಯವಸ್ಥೆಯನ್ನೇ ಶೋಧಿಸಿದನು. ಬಿಡಾರಗಳಿಗೆ ಹೋಗಿ ಅವರ ಮಾತನ್ನು ಕೇಳಿ, 1956ರಲ್ಲಿ 'ನಮ್ಮ ಹೊಲಗಳಲ್ಲಿ ಅಪರಿಚಿತರು' ಎಂಬರ್ಥದ ಹೆಸರಿನ ವರದಿಯನ್ನೂ, 1964ರಲ್ಲಿ 'ದುಡಿಮೆಯ ವರ್ತಕರು' ಎಂಬರ್ಥದ ಗ್ರಂಥವನ್ನೂ ಪ್ರಕಟಿಸಿದನು. ಪದ್ಧತಿಯನ್ನು ವಿರೋಧಿಸಿದವರಿಗೆ ಈ ಬರೆಹಗಳು ಪ್ರಮಾಣಗಳಾದವು. 1964ರ ಕೊನೆಯಲ್ಲಿ ಪದ್ಧತಿಯು ನಿಂತಿತು. ಮರುವರ್ಷವೇ ಡೆಲಾನೋದಲ್ಲಿ ಫಿಲಿಪ್ಪೀನ್ಸ್ ಮೂಲದ ಕೂಲಿಗಳೂ ಚಾವೆಜನ ಸಂಘದವರೂ ಮುಷ್ಕರ ಹೂಡಿದರು. 1966ರಲ್ಲಿ ಡಿಜಾರ್ಜಿಯೋ ಕಂಪೆನಿಯ ತೋಟಗಳಲ್ಲಿಯೇ ಕೂಲಿಗಳು ಮತದಾನದಿಂದ ಆ ಸಂಘವನ್ನು ಆರಿಸಿಕೊಂಡರು.

ಸಾಹಿತ್ಯಾಧ್ಯಾಪಕರು ವಿಶೇಷವಾಗಿ ಗಮನಿಸತಕ್ಕ ಕೃತಿ 1971ರಲ್ಲಿ ಹೊರಬಂದ ಆತ್ಮಕಥೆ, 'ಬಾರಿಯೋ ಬಾಯ್'. ಮನೆಯವರಿಗೆ ಹೇಳುತ್ತಿದ್ದ ಕಥೆಗಳೇ ಬೆಳೆದು ಈ ಗ್ರಂಥವಾಯಿತು. ಇಂಗ್ಲಿಷಿನಲ್ಲಿ ಬರೆದರೂ ಗ್ರಂಥಕರ್ತನು ಸ್ಪಾನಿಷ್ ಪದಗಳನ್ನು ಕೈಬಿಡದೆ ಕೊನೆಯಲ್ಲಿ ಅರ್ಥಕೋಶವನ್ನು ಒದಗಿಸಿರುವನು. ಹಾಲ್ಕೊಕೋಟಾನಿನಿಂದ ಹೊರಟ ಕಥೆಯು ಕೂಲಿಗಳ ಬಿಡಾರದ ಆ ಅಹವಾಲಿನ ಪ್ರಸಂಗವನ್ನು ಮುಟ್ಟಿ ಮುಗಿಯುವ ಹೊತ್ತಿಗೆ ಬರುವುದು. ಲೇಖಕನ ಪದವಿಗಳಾಗಲಿ ಕೀರ್ತಿಯಾಗಲಿ ಅದರ ವಸ್ತುವಲ್ಲ. ಗಲಾರ್ಜನು 1984ರಲ್ಲಿ ಸ್ಯಾನ್ ಹೋಸೆ ನಗರದಲ್ಲಿ ನಿಧನಹೊಂದಿದನು. ಮೆಕ್ಸಿಕನ್-ಅಮೆರಿಕನ್ ಸಾಹಿತ್ಯದ ಪಾಠಪಟ್ಟಿಗಳಲ್ಲಿ ಆ ಆತ್ಮಕಥೆಗೆ ಸ್ಥಾನವು ದೊರೆತಿದೆ.