ಹೊಟ್ಟೆಯ ಮೇಲಿನ ಗಂಟು, ಎದೆಯಲ್ಲಿನ ನೀರು: ಸ್ಕ್ಯಾನಿಂಗಿನಿಂದ ತಿಳಿಯುವುದೇನು?



ಕಳೆದ ಸುಗ್ಗಿಯಲ್ಲಿ ಭತ್ತದ ಇಳುವರಿಯ ಲೆಕ್ಕ ಬರೆದುಕೊಳ್ಳಲು ಒಂದು ಹಳ್ಳಿಯ ಕಣಕ್ಕೆ ಹೋಗಿದ್ದೆ. ಅಲ್ಲಿ ಹಿರಿಯ ರೈತರೊಬ್ಬರು ಪ್ರತಿ ಸಲ ಮೂಟೆ ಇಳಿಸಿದ ಮೇಲೆ ತೊಡೆಸಂದನ್ನು ಕೈಯಿಂದ ಒತ್ತಿ ಹಿಡಿದುಕೊಳ್ಳುತ್ತಿದ್ದರು. ವಿಚಾರಿಸಿದೆ. ಎರಡು ವರ್ಷದಿಂದ ಅಲ್ಲಿ ನಿಂಬೆಹಣ್ಣಿನಷ್ಟು ಗಂಟು ಇದೆ, ಮಲಗಿದರೆ ಮಾಯವಾಗುತ್ತದೆ ಎಂದರು. ಆಸ್ಪತ್ರೆಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿ ಎಂದೆ. "ಏನ್ ಸ್ವಾಮಿ, ನಾನೇನು ಬಸುರಿ ಹೆಂಗಸೇ?" ಎಂದು ನಕ್ಕುಬಿಟ್ಟರು. ಕಣದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕು ಸುಮ್ಮನಾದೆ.

ಹಾಗೆ ಸುಮ್ಮನಾದದ್ದು ತಪ್ಪು. ಎರಡು ತಿಂಗಳ ಮೇಲೆ ಒಂದು ರಾತ್ರಿ ಆ ಗಂಟು ಒಳಕ್ಕೆ ಹೋಗಲಿಲ್ಲ. ವಾಂತಿಯಾಗಿ, ಹೊಟ್ಟೆ ಉಬ್ಬಿ, ಅವರನ್ನು ದೂರದ ಆಸ್ಪತ್ರೆಗೆ ಸಾಗಿಸಬೇಕಾಯಿತು. ಸತ್ತುಹೋಗಿದ್ದ ಕರುಳಿನ ತುಂಡನ್ನು ಕತ್ತರಿಸಿ ತೆಗೆದ ಮೇಲೆ ಜೀವ ಉಳಿಯಿತು. ಅಂದು ಹೇಳದೆ ಬಿಟ್ಟದ್ದನ್ನು ಇಂದು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಬೇಸಾಯ ಕಲಿತವನು. ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಶಬ್ದದಿಂದ ನೋಡುವ ಯಂತ್ರ

ಆಳವಾದ ಬಾವಿಯ ದಂಡೆಯಲ್ಲಿ ನಿಂತು ಕೂಗಿದರೆ ಕೂಗು ಮರಳಿ ಬರುತ್ತದೆ. ಸ್ಕ್ಯಾನಿಂಗ್ ಯಂತ್ರದ ಕೆಲಸವೂ ಇದೇ ಬಗೆಯದು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಮಾತ್ರ ಕೇಳುತ್ತದೆ. ಈ ಯಂತ್ರದ ಶಬ್ದಕ್ಕೆ ಸೆಕೆಂಡಿಗೆ ಹತ್ತಾರು ಲಕ್ಷ ಕಂಪನಗಳು. ಆದ್ದರಿಂದ ನಮಗೆ ಕೇಳಿಸದು. ಅದು ಮೈಯೊಳಗೆ ಸೆಕೆಂಡಿಗೆ ಸುಮಾರು 1,540 ಮೀಟರು ವೇಗದಲ್ಲಿ ಸಾಗಿ, ಕೊಬ್ಬು, ಮಾಂಸ, ಕರುಳು, ನೀರು ಇವು ಒಂದಕ್ಕೊಂದು ಕೂಡುವೆಡೆ ತಗುಲಿ ಮರಳುತ್ತದೆ. ಮರಳಲು ಹಿಡಿದ ಹೊತ್ತನ್ನು ಅಳೆದು ಯಂತ್ರವು ತೆರೆಯ ಮೇಲೆ ಚಿತ್ರ ಮೂಡಿಸುತ್ತದೆ. ನಡುವೆ ಗಾಳಿ ಇದ್ದರೆ ಶಬ್ದ ದಾಟುವುದಿಲ್ಲ. ಚರ್ಮದ ಮೇಲೆ ತಣ್ಣನೆಯ ಲೋಳೆ ಸವರುವುದು ಈ ಕಾರಣಕ್ಕೇ. ಇದರಲ್ಲಿ ಎಕ್ಸ್-ರೇ ಕಿರಣವಿಲ್ಲ, ಸೂಜಿಯಿಲ್ಲ, ಕೊಯ್ಯುವುದಿಲ್ಲ.

ಇದು ಬಸುರಿಯರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ವೈದ್ಯ ಇಯಾನ್ ಡೊನಾಲ್ಡ್ ಅವರು 1955ರಲ್ಲಿ ಬಾಯ್ಲರ್ ಕಾರ್ಖಾನೆಯೊಂದರಲ್ಲಿ, ಲೋಹದ ಬಿರುಕು ಹುಡುಕುವ ಯಂತ್ರದಿಂದ ರೋಗಿಗಳಿಂದ ತೆಗೆದ ಗಡ್ಡೆಗಳನ್ನು ಪರೀಕ್ಷಿಸಿ ನೋಡಿದರು. 1958ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಹೆಸರಾದ ಲೇಖನವು ಹೊಟ್ಟೆಯ ಗಡ್ಡೆಗಳನ್ನು ಕುರಿತದ್ದೇ. ಗುಣವಾಗದ ಕ್ಯಾನ್ಸರ್ ಎಂದು ಆಸೆ ಬಿಟ್ಟಿದ್ದ ಹೆಂಗಸೊಬ್ಬಳ ಹೊಟ್ಟೆಯಲ್ಲಿ ಇದ್ದುದು ಅಂಡಾಶಯದ ನೀರುಚೀಲವೆಂದು ಈ ಶಬ್ದದಿಂದಲೇ ಕಂಡುಬಂದಿತು. ಅದನ್ನು ತೆಗೆದ ಮೇಲೆ ಆಕೆ ಗುಣಹೊಂದಿದಳು.

ಹೊಟ್ಟೆಯ ಗೋಡೆ

ಗೋಣಿಚೀಲದ ಹೊಲಿಗೆ ಒಂದು ಕಡೆ ಸಡಿಲವಾದರೆ, ಮೂಟೆಯನ್ನು ಅದುಮಿದಾಗ ಕಾಳು ಅಲ್ಲಿಯೇ ಹೊರಕ್ಕೆ ಉಬ್ಬುತ್ತದೆ. ನಮ್ಮ ಹೊಟ್ಟೆಯ ಗೋಡೆಯೂ ಮಾಂಸದ ಪದರಗಳಿಂದಾದ ಚೀಲವೇ. ತೊಡೆಸಂದು, ಹೊಕ್ಕುಳು, ಹಳೆಯ ಶಸ್ತ್ರಕ್ರಿಯೆಯ ಕಲೆ ಇವು ಅದರ ದುರ್ಬಲ ಜಾಗಗಳು. ಭಾರ ಎತ್ತಿದಾಗ, ಬಹುದಿನ ಕೆಮ್ಮಿದಾಗ, ಮಲಬದ್ಧತೆಯಿಂದ ತಿಣುಕಿದಾಗ ಅಲ್ಲಿ ಕೊಬ್ಬು ಇಲ್ಲವೆ ಕರುಳು ಹೊರಕ್ಕೆ ಜಾರಬಹುದು. ಇದೇ ಹರ್ನಿಯ. ಹೆಂಗಸರಲ್ಲಿ ಹೆರಿಗೆಯ ಬಳಿಕ ಹೊಟ್ಟೆಯ ನಡುವಿನ ಮಾಂಸಪಟ್ಟಿಗಳು ಅಗಲುವುದುಂಟು. ಸಿಸೇರಿಯನ್ ಕಲೆಯಲ್ಲಿ ಹರ್ನಿಯ ಬರುವುದೂ ಉಂಟು.

ಎಲ್ಲ ಗಂಟೂ ಹರ್ನಿಯ ಅಲ್ಲ. ಅದು ಬರಿ ಕೊಬ್ಬಿನ ಗಡ್ಡೆಯಾಗಿರಬಹುದು, ಕೀವು ತುಂಬಿರಬಹುದು, ಎತ್ತು ಹಾಯ್ದು ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅನೇಕ ವೇಳೆ ವೈದ್ಯರು ಕೈಯಿಂದ ಮುಟ್ಟಿ ನೋಡಿಯೇ ಹರ್ನಿಯ ಎಂದು ಹೇಳಬಲ್ಲರು. ಸಂದೇಹವಿದ್ದಾಗ ಸ್ಕ್ಯಾನಿಂಗ್ ನೆರವಾಗುತ್ತದೆ. ಮಲಗಿದಾಗ ಹರ್ನಿಯ ಒಳಕ್ಕೆ ಸರಿಯುವುದರಿಂದ "ಕೆಮ್ಮಿ, ಮುಕ್ಕರಿಯಿರಿ, ಎದ್ದು ನಿಲ್ಲಿ" ಎಂದು ವೈದ್ಯರು ಹೇಳಬಹುದು. ಸಂಕೋಚಪಡದೆ ಹಾಗೆ ಮಾಡತಕ್ಕದ್ದು. ಕರುಳು ಜಾರುವುದು ಆಗಲೇ ತೆರೆಯ ಮೇಲೆ ಕಾಣುತ್ತದೆ.

ಎದೆ

ತೆಂಗಿನಕಾಯಿಯನ್ನು ಅಲ್ಲಾಡಿಸಿ ಒಳಗೆ ನೀರಿದೆಯೇ ಎಂದು ನೋಡುತ್ತೇವೆ. ವೈದ್ಯರು ಎದೆಯ ಮೇಲೆ ಬೆರಳಿನಿಂದ ತಟ್ಟಿ ಇದನ್ನೇ ಕಂಡುಕೊಳ್ಳುತ್ತಾರೆ. ಆದರೆ ನೀರು ಸ್ವಲ್ಪವೇ ಇದ್ದರೆ ತಟ್ಟಿದಾಗ ತಿಳಿಯದು, ಎಕ್ಸ್-ರೇಯಲ್ಲಿಯೂ ಕಾಣದಿರಬಹುದು. ಸ್ಕ್ಯಾನಿಂಗಿನಲ್ಲಿ ನೀರು ಕಪ್ಪಾಗಿ ಎದ್ದು ಕಾಣುತ್ತದೆ. ಕ್ಷಯ, ನ್ಯುಮೋನಿಯ, ಹೃದಯದ ದೌರ್ಬಲ್ಯ, ಕ್ಯಾನ್ಸರ್ ಮುಂತಾದವುಗಳಿಂದ ಎದೆಯಲ್ಲಿ ನೀರು ತುಂಬಬಹುದು. ಯಾವುದರಿಂದ ಎಂದು ತಿಳಿಯಲು ಸೂಜಿಯಿಂದ ನೀರು ತೆಗೆದು ಪರೀಕ್ಷಿಸಬೇಕಾಗುತ್ತದೆ. ಸ್ಕ್ಯಾನಿಂಗ್ ನೋಡಿ ಜಾಗ ಗುರುತಿಸಿ ಚುಚ್ಚಿದರೆ ಶ್ವಾಸಕೋಶಕ್ಕೆ ಸೂಜಿ ತಗಲುವ ಭಯ ಕಡಿಮೆ.

ಮರದಿಂದ ಬಿದ್ದವರು, ಟ್ರ್ಯಾಕ್ಟರ್ ಮಗುಚಿ ಸಿಕ್ಕಿಕೊಂಡವರು, ಎತ್ತಿನ ಕೊಂಬು ತಿವಿದವರು ಹೊರಗೆ ಗಾಯ ಕಾಣದಿದ್ದರೂ ಒಳಗೆ ಪೆಟ್ಟು ತಿಂದಿರಬಹುದು. ಎದೆಯಲ್ಲಿ ರಕ್ತ ಅಥವಾ ಗಾಳಿ ಸೇರಿದೆಯೇ, ಹೊಟ್ಟೆಯೊಳಗೆ ರಕ್ತ ಸೋರಿದೆಯೇ ಎಂದು ಹಾಸಿಗೆಯ ಬಳಿಯೇ ಬೇಗ ನೋಡಲು ಈ ಯಂತ್ರ ಬಹಳ ಉಪಯುಕ್ತ.

ಆದರೆ ಇದಕ್ಕೂ ಮಿತಿಯುಂಟು. ಆರೋಗ್ಯವಂತ ಶ್ವಾಸಕೋಶದ ತುಂಬ ಗಾಳಿ; ಅದರ ಆಳದಲ್ಲಿರುವ ರೋಗವನ್ನು ಶಬ್ದ ತೋರಿಸಲಾರದು. ಅದಕ್ಕೆ ಎಕ್ಸ್-ರೇ ಅಥವಾ ಸಿ.ಟಿ. ಬೇಕು. ಸ್ಕ್ಯಾನಿಂಗ್ ಪರೀಕ್ಷೆಯೇ ಹೊರತು ಚಿಕಿತ್ಸೆಯಲ್ಲ.

ಕಾಯಬಾರದ ಚಿಹ್ನೆಗಳು

1. ಹೋಗಿ ಬರುತ್ತಿದ್ದ ಗಂಟು ಒಳಕ್ಕೆ ಹೋಗದೆ ಗಟ್ಟಿಯಾಗಿ ನೋಯುವುದು. ಅದರೊಡನೆ ವಾಂತಿ, ಹೊಟ್ಟೆಯುಬ್ಬರ, ಮಲ ಅಥವಾ ಗಾಳಿ ಹೋಗದಿರುವುದು. ಸಿಕ್ಕಿಕೊಂಡ ಕರುಳು ಕೆಲವೇ ಗಂಟೆಗಳಲ್ಲಿ ಸಾಯಬಹುದು.

2. ಎದೆಗೆ, ಹೊಟ್ಟೆಗೆ ಪೆಟ್ಟು ಬಿದ್ದ ಮೇಲೆ ಉಸಿರು ಕಟ್ಟುವುದು, ತಲೆ ಸುತ್ತುವುದು.

3. ಎದೆ ಹಿಂಡಿದಂತೆ ನೋವು, ಬೆವರು. ಇದು ಹೃದಯಾಘಾತವಿರಬಹುದು.

ಇಂಥ ವೇಳೆ ಸ್ಕ್ಯಾನಿಂಗ್ ಕೇಂದ್ರ ಹುಡುಕುತ್ತ ಅಲೆಯತಕ್ಕದ್ದಲ್ಲ. 108ಕ್ಕೆ ಕರೆಮಾಡಿ ನೇರವಾಗಿ ಆಸ್ಪತ್ರೆಗೆ ಹೋಗಿರಿ. ಗಂಟಿನ ಮೇಲೆ ಬರೆ ಹಾಕುವುದು, ಉಜ್ಜುವುದು, ಬಲವಂತವಾಗಿ ಒಳಕ್ಕೆ ನೂಕುವುದು ಅಪಾಯಕರ.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇದ್ದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಳ್ಳಿರಿ. ಕ್ಷಯದ ಪರೀಕ್ಷೆ, ಔಷಧ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಪರೀಕ್ಷೆಗೆ ಹೋಗುವಾಗ

ಸಡಿಲವಾದ ಬಟ್ಟೆ ಉಟ್ಟುಕೊಳ್ಳಿರಿ. ಗಂಟು ಯಾವಾಗ ಕಾಣುತ್ತದೆ, ಯಾವಾಗ ಮರೆಯಾಗುತ್ತದೆ ಎಂಬುದನ್ನು ತಿಳಿಸಿ, ಜಾಗವನ್ನು ಬೆರಳಿಟ್ಟು ತೋರಿಸಿರಿ. ಹಳೆಯ ಚೀಟಿಗಳನ್ನೂ ರೇಷನ್ ಕಾರ್ಡನ್ನೂ ಜೊತೆಯಲ್ಲಿ ಒಯ್ಯಿರಿ. ಖಾಲಿ ಹೊಟ್ಟೆಯಲ್ಲಿ ಬರಬೇಕೇ ಎಂದು ಮೊದಲೇ ಕೇಳಿಕೊಳ್ಳಿರಿ. ಹೊಟ್ಟೆಯ ಗೋಡೆ ಮತ್ತು ಎದೆಯ ಪರೀಕ್ಷೆಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ, ಪಿತ್ತಕೋಶ ನೋಡಬೇಕಾದರೆ ಬೇಕು.

ಎತ್ತು ಕುಂಟಿದರೆ ಅಂದೇ ದನದ ಡಾಕ್ಟರನ್ನು ಕರೆತರುವ ನಾವು, ನಮ್ಮ ಮೈಯ ಗಂಟನ್ನು ಮಾತ್ರ ಪಂಚೆಯ ಕೆಳಗೆ, ಸೀರೆಯ ಮರೆಯಲ್ಲಿ ವರ್ಷಗಟ್ಟಲೆ ಮುಚ್ಚಿಡುತ್ತೇವೆ. ನಾಚಿಕೆ ಬೇಡ. ಆ ಹಿರಿಯ ರೈತರು ಈಗ ಮೂಟೆ ಹೊರುವುದಿಲ್ಲ. ಕಣದಲ್ಲಿ ಕುಳಿತು ಲೆಕ್ಕ ನೋಡಿಕೊಳ್ಳುತ್ತಾರೆ. ಯಾರಾದರೂ ತೊಡೆಸಂದು ಹಿಡಿದುಕೊಂಡರೆ, "ನಗಬೇಡ ಕಣಪ್ಪಾ, ನಾಳೆಯೇ ಹೋಗಿ ತೋರಿಸ್ಕೊ" ಎಂದು ಅವರೇ ಹೇಳುತ್ತಾರೆ.

— ನಿಮ್ಮ ಗ್ರಾಮಸೇವಕ