ಪ್ರಶಸ್ತಿ ಕಾಣದ ನಿಷ್ಠೆ: ಸಾಮರ್ಸೆಟ್ ಕೌಂಟಿಯೂ ಅದರ ಅಭಿಮಾನಿಗಳೂ

ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ದೇಶೀಯ ಕ್ರಿಕೆಟ್ಟಿಗೆ ಆಧಾರವಾಗಿರುವುದು 18 ಪ್ರಥಮ ದರ್ಜೆಯ ಕೌಂಟಿ ಕ್ಲಬ್ಬುಗಳು. ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಗೆ ಸಮನಾದ, ಆದರೆ ಶತಮಾನಗಳಷ್ಟು ಹಳೆಯದಾದ ಪ್ರಾದೇಶಿಕ ವಿಭಾಗ. ಅದರ ಹೆಸರಿನಲ್ಲಿ ಆಡುವ ಕ್ಲಬ್ಬುಗಳ ನಡುವೆ 1890ರಿಂದ ಅಧಿಕೃತವಾಗಿ ನಡೆದುಬಂದಿರುವ ಪಂದ್ಯಾವಳಿಯೇ ಕೌಂಟಿ ಚಾಂಪಿಯನ್‌ಷಿಪ್. ಈಗಿನ ಕ್ರಮದಲ್ಲಿ ಏಪ್ರಿಲ್ ತಿಂಗಳ ಚಳಿಯಲ್ಲಿ ತೊಡಗಿ ಸೆಪ್ಟೆಂಬರ್ ಕೊನೆಯೊಳಗೆ ಪ್ರತಿ ತಂಡವೂ ನಾಲ್ಕು ದಿನಗಳ 14 ಪಂದ್ಯಗಳನ್ನು ಆಡುತ್ತದೆ. ಇಲ್ಲಿ ಫೈನಲ್ ಎಂಬುದಿಲ್ಲ. ಗೆಲುವಿಗೂ ಡ್ರಾಗೂ ಮೊದಲ ಇನ್ನಿಂಗ್ಸಿನ ರನ್ನು, ವಿಕೆಟ್ಟುಗಳಿಗೂ ಸಿಗುವ ಅಂಕಗಳನ್ನೆಲ್ಲ ಕೂಡಿಸಿದಾಗ ಮೊದಲ ವಿಭಾಗದ ಪಟ್ಟಿಯಲ್ಲಿ ಮೇಲೆ ನಿಂತವರೇ ಚಾಂಪಿಯನ್ನರು. ಈ ಪ್ರಶಸ್ತಿಯನ್ನು ಒಮ್ಮೆಯೂ ಗೆಲ್ಲದ ಕೌಂಟಿಗಳು ಮೂರೇ: ಗ್ಲಾಸ್ಟರ್‌ಷೈರ್, ನಾರ್ಥಾಂಪ್ಟನ್‌ಷೈರ್ ಮತ್ತು ಸಾಮರ್ಸೆಟ್. ಇವುಗಳಲ್ಲಿ ಸಾಮರ್ಸೆಟ್ 2001, 2010, 2012, 2016, 2018 ಮತ್ತು 2019ರಲ್ಲಿ, ಹೀಗೆ ಆರು ಸಲ ಎರಡನೆಯ ಸ್ಥಾನಕ್ಕೆ ಬಂದು ನಿಂತಿತು. ಇಷ್ಟಾದರೂ ಅದರ ಬೆಂಬಲಿಗರು ಬಾಲ್ಯದಿಂದ ಮುಪ್ಪಿನವರೆಗೆ ಅದನ್ನೇ ಹಿಡಿದು ನಿಂತಿರುವುದೇಕೆ ಎಂಬುದನ್ನು ನೋಡಿದರೆ ಕೌಂಟಿ ಅಭಿಮಾನದ ಸ್ವರೂಪವೇ ತಿಳಿಯುತ್ತದೆ.

ನೈಋತ್ಯ ಇಂಗ್ಲೆಂಡಿನ ಸಾಮರ್ಸೆಟ್ ಹುಲ್ಲುಗಾವಲು, ಸೇಬಿನ ತೋಟಗಳಿಗೂ ಸೇಬಿನ ರಸವನ್ನು ಹುಳಿಬರಿಸಿ ಮಾಡುವ ಸೈಡರ್ ಎಂಬ ಮದ್ಯಕ್ಕೂ ಹೆಸರಾದ ಸೀಮೆ. ಅಲ್ಲಿನ ಕ್ಲಬ್ 1875ರಲ್ಲಿ ಹುಟ್ಟಿದ್ದು ಮಾತ್ರ ನೆರೆಯ ಡೆವನ್ ಕೌಂಟಿಯ ಸಿಡ್‌ಮತ್ ಎಂಬ ಕಡಲತಡಿಯ ಊರಿನಲ್ಲಿ, ಒಂದು ಪಂದ್ಯ ಮುಗಿದ ಮೇಲೆ ಸೇರಿದ ಸಭೆಯಲ್ಲಿ. 1891ರಲ್ಲಿ ಚಾಂಪಿಯನ್‌ಷಿಪ್ಪಿಗೆ ಸೇರಿದ ಈ ತಂಡದ ನೆಲೆ ಟೋನ್ ನದಿಯ ದಂಡೆಯ ಟಾಂಟನ್ ಪಟ್ಟಣವಾದರೂ ಬಹುಕಾಲ ಬಾತ್, ವೆಸ್ಟನ್, ಫ್ರೂಮ್ ಮೊದಲಾದ ಊರುಗಳಲ್ಲಿಯೂ ಪಂದ್ಯಗಳು ನಡೆಯುತ್ತಿದ್ದುದರಿಂದ ಆಟ ಜನರಿದ್ದಲ್ಲಿಗೇ ಬರುತ್ತಿತ್ತು.

ಹಿರಿಯ ಅಭಿಮಾನಿಗಳು ಕಿರಿಯರಿಗೆ ಇಂದಿಗೂ ಹೇಳುವ ಹೆರಾಲ್ಡ್ ಗಿಂಬ್ಲೆಟ್‌ನ ಕಥೆ ನಡೆದದ್ದು ಅಂಥ ಫ್ರೂಮ್ ಮೈದಾನದಲ್ಲಿಯೇ. ರೈತ ಕುಟುಂಬದ ಈ 20ರ ತರುಣನನ್ನು ಪರೀಕ್ಷೆಗೆಂದು ಕರೆಸಿಕೊಂಡಿದ್ದ ಕ್ಲಬ್, ಈತ ಸಾಲದೆಂದು ಹಿಂದಕ್ಕೆ ಕಳುಹಿಸುವುದರಲ್ಲಿತ್ತು. 1935ರ ಮೇ ತಿಂಗಳಲ್ಲಿ ಎಸೆಕ್ಸ್ ವಿರುದ್ಧದ ಪಂದ್ಯಕ್ಕೆ ಒಬ್ಬ ಆಟಗಾರ ಕಡಿಮೆ ಬಿದ್ದುದರಿಂದಷ್ಟೇ ಅವನಿಗೆ ಅವಕಾಶ ಒದಗಿತು. ಬಸ್ಸು ತಪ್ಪಿ, ದಾರಿಯಲ್ಲಿ ಸಿಕ್ಕ ಲಾರಿ ಹತ್ತಿ ಮೈದಾನ ಸೇರಿದ ಗಿಂಬ್ಲೆಟ್, ಎಂಟನೆಯ ಕ್ರಮಾಂಕದಲ್ಲಿ ಆಡಲಿಳಿದು ಸಹ ಆಟಗಾರನಿಂದ ಕಡ ಪಡೆದ ಬ್ಯಾಟಿನಿಂದ 63 ನಿಮಿಷಗಳಲ್ಲಿ ಶತಕ ಬಾರಿಸಿ 123 ರನ್ ಗಳಿಸಿದನು. ಮುಂದೆ ಸಾಮರ್ಸೆಟ್ ಪರ ಪ್ರಥಮ ದರ್ಜೆಯಲ್ಲಿ ಅತಿ ಹೆಚ್ಚು ರನ್ ಗಳಿಸಿದವನು ಇವನೇ.

ಕೌಂಟಿ ಅಭಿಮಾನಿಗೂ ಇಂದಿನ ಲೀಗ್ ತಂಡಗಳ ಅಭಿಮಾನಿಗೂ ಇರುವ ಮುಖ್ಯ ವ್ಯತ್ಯಾಸ ಒಡೆತನದ್ದು. ಹ್ಯಾಂಪ್‌ಷೈರ್‌ನಂಥ ಕೆಲವನ್ನು ಬಿಟ್ಟರೆ ಬಹುಪಾಲು ಕೌಂಟಿ ಕ್ಲಬ್ಬುಗಳಿಗೆ ಯಜಮಾನರಿಲ್ಲ. ವಾರ್ಷಿಕ ಚಂದಾ ಕಟ್ಟಿದ ಸದಸ್ಯರೇ ಅವುಗಳ ಒಡೆಯರು. ಸದಸ್ಯತ್ವವೆಂದರೆ ಮೈದಾನದ ಪ್ರವೇಶಪತ್ರವಷ್ಟೇ ಅಲ್ಲ, ಮಹಾಸಭೆಯಲ್ಲಿ ಆಡಳಿತ ಸಮಿತಿಯನ್ನು ಪ್ರಶ್ನಿಸುವ ಮತ್ತು ಮತ ಹಾಕುವ ಹಕ್ಕೂ ಹೌದು. ಈ ಹಕ್ಕು ಎಷ್ಟು ಬಿಸಿಯೇರಬಲ್ಲದು ಎಂಬುದನ್ನು 1986 ತೋರಿಸಿತು. ಆಂಟಿಗಾದ ವಿವಿಯನ್ ರಿಚರ್ಡ್ಸ್ ಮತ್ತು ಬಾರ್ಬಡೋಸಿನ ಜೋಯಲ್ ಗಾರ್ನರ್ ಅವರ ಒಪ್ಪಂದವನ್ನು ನವೀಕರಿಸದೆ ನ್ಯೂಜಿಲೆಂಡಿನ ಮಾರ್ಟಿನ್ ಕ್ರೋ ಅವರನ್ನು ಕರೆತರಲು ಸಮಿತಿ ನಿರ್ಧರಿಸಿದಾಗ, ಅದನ್ನು ಪ್ರತಿಭಟಿಸಿ ತಂಡದ ಇನ್ನೊಬ್ಬ ತಾರೆ ಇಯಾನ್ ಬಾಥಮ್ ಕೂಡ ಕ್ಲಬ್ ತೊರೆಯಲು ಮುಂದಾದರು. ಸಿಟ್ಟಿಗೆದ್ದ ಸದಸ್ಯರು ನವೆಂಬರಿನಲ್ಲಿ ಶೆಪ್ಟನ್ ಮ್ಯಾಲೆಟ್‌ನಲ್ಲಿ ವಿಶೇಷ ಸಭೆ ಕರೆಸಿದರು. ಅಲ್ಲಿ 798 ಮತಗಳಿಗೆ ಎದುರಾಗಿ 1,828 ಮತಗಳಿಂದ ಸಮಿತಿಯ ಪಕ್ಷ ಗೆದ್ದಿತು. ಒಂದೇ ಮನೆಯವರು ಎರಡು ಪಾಳೆಯವಾಗಬಹುದಾದಷ್ಟು ಕಹಿ ತುಂಬಿದ್ದ ಆ ವಿವಾದ ತಣಿಯಲು ವರ್ಷಗಳೇ ಬೇಕಾದವು. ಇಂದು ಟಾಂಟನ್ ಮೈದಾನದ ಒಂದು ಸ್ಟ್ಯಾಂಡಿಗೆ ಬಾಥಮ್ ಅವರ ಹೆಸರೂ ಮಹಾದ್ವಾರಕ್ಕೆ ರಿಚರ್ಡ್ಸ್ ಅವರ ಹೆಸರೂ ಇವೆ.

ರಿಚರ್ಡ್ಸ್, ಗಾರ್ನರ್, ಬಾಥಮ್ ಮೂವರ ಮೇಲೆ ಜನರಿಗೆ ಅಷ್ಟೊಂದು ಋಣಭಾವವಿದ್ದುದಕ್ಕೆ ಕಾರಣ 1979. ಆ ವರ್ಷದ ಮೇ ತಿಂಗಳಲ್ಲಿ ಸೀಮಿತ ಓವರುಗಳ ಬೆನ್ಸನ್ ಅಂಡ್ ಹೆಡ್ಜಸ್ ಕಪ್‌ನ ಗುಂಪು ಹಂತದ ಪಂದ್ಯದಲ್ಲಿ, ಸೋತರೂ ವಿಕೆಟ್ ಪಡೆದ ವೇಗದ ಲೆಕ್ಕದಲ್ಲಿ ಮುಂದಿನ ಸುತ್ತಿಗೆ ಹೋಗುವಂತಾಗಲೆಂದು, ನಾಯಕ ಬ್ರಯನ್ ರೋಸ್ ವೂಸ್ಟರ್‌ನಲ್ಲಿ ಒಂದೇ ಓವರ್ ಆಡಿ ಒಂದು ರನ್ನಿಗೆ ಇನ್ನಿಂಗ್ಸ್ ಡಿಕ್ಲೇರ್ ಮಾಡಿದರು. ನಿಯಮದಲ್ಲಿ ತಪ್ಪಿಲ್ಲದಿದ್ದರೂ ಆಟದ ಮರ್ಯಾದೆಗೆ ಭಂಗವೆಂದು ತಂಡವನ್ನು ಆ ಪಂದ್ಯಾವಳಿಯಿಂದಲೇ ಹೊರಹಾಕಲಾಯಿತು. ಅದೇ ತಂಡ ಸೆಪ್ಟೆಂಬರ್ 8ರಂದು ಲಾರ್ಡ್ಸ್‌ನಲ್ಲಿ ರಿಚರ್ಡ್ಸ್ ಅವರ 117 ರನ್ ಮತ್ತು ಗಾರ್ನರ್ ಅವರ ಆರು ವಿಕೆಟ್‌ಗಳ ಬಲದಿಂದ ಸೀಮಿತ ಓವರುಗಳ ಜಿಲೆಟ್ ಕಪ್ ಗೆದ್ದು, ಮರುದಿನವೇ ನಾಟಿಂಗ್‌ಹ್ಯಾಮ್‌ನಲ್ಲಿ ಜಾನ್ ಪ್ಲೇಯರ್ ಲೀಗನ್ನೂ ಗೆದ್ದಿತು. ನೂರನಾಲ್ಕು ವರ್ಷ ಬರಿಗೈಯಲ್ಲಿದ್ದ ಕ್ಲಬ್ಬಿಗೆ ಎರಡು ದಿನಗಳಲ್ಲಿ ಎರಡು ಪ್ರಶಸ್ತಿಗಳು ಬಂದವು. ಮರುವರ್ಷ ರಿಚರ್ಡ್ಸ್ ವೆಸ್ಟ್ ಇಂಡೀಸ್ ತಂಡದೊಡನೆ ಪ್ರವಾಸದಲ್ಲಿದ್ದಾಗ ಅವರ ಜಾಗದಲ್ಲಿ ಆಡಿದವರು ಸುನಿಲ್ ಗಾವಸ್ಕರ್.

ಆದರೆ ಕೌಂಟಿ ಅಭಿಮಾನಿಯ ಬಹುಪಾಲು ಸಮಯ ಕಳೆಯುವುದು ಇಂಥ ದೊಡ್ಡ ದಿನಗಳಲ್ಲಿ ಅಲ್ಲ, ಏನೂ ನಡೆಯದಂತೆ ತೋರುವ ವಾರದ ನಡುವಿನ ದಿನಗಳಲ್ಲಿ. ಬೆಳಗ್ಗೆ ಮೈದಾನಕ್ಕೆ ಬಂದವರು ಸ್ಕೋರ್‌ಕಾರ್ಡ್ ಎಂಬ ಅಚ್ಚಾದ ಹಾಳೆಯನ್ನು ಕೊಂಡು, ವಿಕೆಟ್ ಬಿದ್ದಂತೆಲ್ಲ ಔಟಾದ ಬಗೆಯನ್ನೂ ರನ್ನನ್ನೂ ಕೈಯಾರೆ ಬರೆದುಕೊಳ್ಳುತ್ತಾರೆ. ಇನ್ನೂ ಶ್ರದ್ಧೆಯುಳ್ಳವರು ತಮ್ಮದೇ ಸ್ಕೋರ್ ಪುಸ್ತಕವಿಟ್ಟು ಪ್ರತಿ ಎಸೆತವನ್ನೂ ದಾಖಲಿಸುತ್ತಾರೆ. ರನ್ ಬಾರದ ಎಸೆತಕ್ಕೆ ಒಂದು ಚುಕ್ಕೆ ಇಟ್ಟು, ಮೇಡನ್ ಓವರಾದರೆ ಆ ಆರು ಚುಕ್ಕೆಗಳನ್ನು ಚುಕ್ಕಿ ರಂಗೋಲಿಯಂತೆ ಗೆರೆಯೆಳೆದು ಜೋಡಿಸಿ ಇಂಗ್ಲಿಷಿನ ಎಂ ಅಕ್ಷರ ಮೂಡಿಸುವುದು, ಅದೇ ಓವರಿನಲ್ಲಿ ವಿಕೆಟ್ ಬಿದ್ದಿದ್ದರೆ ಡಬ್ಲ್ಯೂ ಮೂಡಿಸುವುದು ಅಲ್ಲಿನ ಪದ್ಧತಿ. ಊಟದ ವಿರಾಮದಲ್ಲಿ ಪ್ರೇಕ್ಷಕರನ್ನು ಮೈದಾನದೊಳಕ್ಕೆ ಬಿಡುವ ವಾಡಿಕೆ ಅನೇಕ ಕಡೆ ಉಳಿದಿದೆ. ಹಗ್ಗ ಕಟ್ಟಿದ ಪಿಚ್ಚಿನ ಸುತ್ತ ನಿಂತು ಅದು ಸಂಜೆಗೆ ತಿರುವು ಕೊಟ್ಟೀತೇ ಎಂದು ಚರ್ಚಿಸುವವರಲ್ಲಿ ದಶಕಗಳಿಂದ ಅಕ್ಕಪಕ್ಕದ ಆಸನಗಳಲ್ಲಿಯೇ ಕುಳಿತುಬಂದವರಿರುತ್ತಾರೆ. ಬರಲಾಗದವರಿಗೆ ಬಿಬಿಸಿಯ ಸ್ಥಳೀಯ ವೀಕ್ಷಕ ವಿವರಣೆಯೂ ಕ್ಲಬ್ಬಿನ ಜಾಲತಾಣದ ನೇರ ಪ್ರಸಾರವೂ ಇವೆ.

ಈ ದಿನಚರಿಯೇ ಸೋಲನ್ನು ತಾಳಿಕೊಳ್ಳುವ ಶಕ್ತಿಯನ್ನೂ ಕೊಡುತ್ತದೆ. 2010ರಲ್ಲಿ ನಾಟಿಂಗ್‌ಹ್ಯಾಮ್‌ಷೈರ್‌ನಷ್ಟೇ ಅಂಕ ಗಳಿಸಿದರೂ ಗೆಲುವುಗಳ ಸಂಖ್ಯೆ ಕಡಿಮೆಯಾಗಿ ಚಾಂಪಿಯನ್‌ಷಿಪ್ ತಪ್ಪಿತು. ಅದೇ ವರ್ಷದ ಟಿ20 ಫೈನಲ್‌ನಲ್ಲಿ ರನ್ ಸಮವಾದರೂ ಹೆಚ್ಚು ವಿಕೆಟ್ ಕಳೆದುಕೊಂಡ ಕಾರಣಕ್ಕೆ ಸೋಲಾಯಿತು. 2016ರಲ್ಲಿ ತನ್ನ ಕೊನೆಯ ಪಂದ್ಯವನ್ನು ಗೆದ್ದು ಮುಗಿಸಿದ್ದ ತಂಡ, ಲಾರ್ಡ್ಸ್‌ನ ಮಿಡ್ಲ್‌ಸೆಕ್ಸ್–ಯಾರ್ಕ್‌ಷೈರ್ ಪಂದ್ಯ ಡ್ರಾ ಆದರೆ ಸಾಕು ಎಂದು ಟಾಂಟನ್‌ನಲ್ಲಿ ಟಿವಿಯ ಮುಂದೆ ಕಾದು ಕುಳಿತಿತ್ತು; ಸಂಜೆ ಟೋಬಿ ರೋಲಂಡ್-ಜೋನ್ಸ್ ಹ್ಯಾಟ್ರಿಕ್ ಪಡೆದು ಪ್ರಶಸ್ತಿಯನ್ನು ಮಿಡ್ಲ್‌ಸೆಕ್ಸ್‌ಗೆ ಕೊಟ್ಟರು. 2024ರ ಸೆಪ್ಟೆಂಬರಿನಲ್ಲಿ ಹಾಲಿ ಚಾಂಪಿಯನ್ ಸರ್ರೆ ಟಾಂಟನ್‌ಗೆ ಬಂದಿದ್ದಾಗ ನಾಲ್ಕನೆಯ ದಿನದಾಟ ಮುಗಿಯಲು ಕೆಲವೇ ನಿಮಿಷಗಳಿದ್ದವು. ಹನ್ನೊಂದೂ ಜನ ಬ್ಯಾಟರ್‌ನ ಸುತ್ತ ಮುತ್ತಿಕೊಂಡಿರುವಾಗ ಸ್ಪಿನ್ನರ್ ಜ್ಯಾಕ್ ಲೀಚ್ ಕೊನೆಯ ವಿಕೆಟನ್ನು ಎಲ್‌ಬಿಡಬ್ಲ್ಯೂ ಮೂಲಕ ಕಿತ್ತು 111 ರನ್ನುಗಳ ಗೆಲುವು ತಂದುಕೊಟ್ಟರು. ಆದರೆ ಅದೇ ತಿಂಗಳೊಳಗೆ ಟಿ20 ಫೈನಲ್, ಏಕದಿನ ಕಪ್‌ನ ಫೈನಲ್ ಮತ್ತು ಚಾಂಪಿಯನ್‌ಷಿಪ್ ಮೂರೂ ಕೈತಪ್ಪಿದವು.

ಕರ್ನಾಟಕದ ಆಟಗಾರರಿಗೂ ಈ ಲೋಕ ಹೊಸದಲ್ಲ. 1995ರಲ್ಲಿ ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಷೈರ್ ಪರ 105 ವಿಕೆಟ್ ಪಡೆದರು; ಅದೇ ಋತುವಿನಲ್ಲಿ ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಷೈರ್‌ಗೂ, 2000ದಲ್ಲಿ ರಾಹುಲ್ ದ್ರಾವಿಡ್ ಕೆಂಟ್‌ಗೂ ಆಡಿದರು. 2024ರಲ್ಲಿ ಕರುಣ್ ನಾಯರ್ ನಾರ್ಥಾಂಪ್ಟನ್‌ಷೈರ್ ಪರ ದ್ವಿಶತಕ ಗಳಿಸಿದರು.

ಕೌಂಟಿ ವ್ಯವಸ್ಥೆಯ ಮೇಲೆ ಈಗ ಒತ್ತಡ ಹೆಚ್ಚಿದೆ. 2021ರಲ್ಲಿ ಆರಂಭವಾದ, ಕೌಂಟಿಗಳ ಬದಲು ಎಂಟು ಹೊಸ ತಂಡಗಳು ಆಡುವ ‘ದ ಹಂಡ್ರೆಡ್’ ಪಂದ್ಯಾವಳಿ ಬೇಸಗೆಯ ರಜೆಯ ಆಗಸ್ಟ್ ತಿಂಗಳನ್ನು ಆಕ್ರಮಿಸಿರುವುದರಿಂದ ಚಾಂಪಿಯನ್‌ಷಿಪ್ ಪಂದ್ಯಗಳು ಹೆಚ್ಚಾಗಿ ಋತುವಿನ ಎರಡು ತುದಿಗಳಿಗೆ ಸರಿದಿವೆ. 2022ರಲ್ಲಿ ಆಂಡ್ರ್ಯೂ ಸ್ಟ್ರಾಸ್ ನೇತೃತ್ವದ ಸಮಿತಿ ಪಂದ್ಯಗಳನ್ನು 14ರಿಂದ 10ಕ್ಕೆ ಇಳಿಸಲು ಸೂಚಿಸಿದಾಗ, ಹಲವು ಕೌಂಟಿಗಳ ಸದಸ್ಯರು ತಮ್ಮ ಒಪ್ಪಿಗೆಯಿಲ್ಲದೆ ಕ್ಲಬ್ಬುಗಳು ಮತ ಹಾಕಬಾರದೆಂದು ಪಟ್ಟು ಹಿಡಿದರು. ಆ ಸಲಹೆ ಜಾರಿಯಾಗಲಿಲ್ಲ.

ಸಾಮರ್ಸೆಟ್ 2005, 2023 ಮತ್ತು 2025ರಲ್ಲಿ ಟಿ20 ಪ್ರಶಸ್ತಿಯನ್ನು ಗೆದ್ದಿದೆಯಾದರೂ ಚಾಂಪಿಯನ್‌ಷಿಪ್ ಇನ್ನೂ ಬಂದಿಲ್ಲ. ಹಾಗೆಂದು ಅಲ್ಲಿನ ಅಭಿಮಾನಿಯನ್ನು ಕನಿಕರದಿಂದ ನೋಡುವುದು ಸರಿಯಲ್ಲ. ಗೆಲ್ಲುವ ತಂಡವನ್ನು ಆರಿಸಿಕೊಳ್ಳುವವನು ಗಿರಾಕಿ. ಹುಟ್ಟಿದ ಸೀಮೆಯ ತಂಡಕ್ಕೆ ಚಂದಾ ಕಟ್ಟಿ, ಸಭೆಯಲ್ಲಿ ಜಗಳವಾಡಿ, ಮತ ಹಾಕಿ, ಸೋತ ಮರುವರ್ಷವೂ ಏಪ್ರಿಲ್‌ನಲ್ಲಿ ಅದೇ ಆಸನಕ್ಕೆ ಮರಳುವವನು ಪಾಲುದಾರ. ಪ್ರೇಕ್ಷಕರನ್ನು ಪಾಲುದಾರರನ್ನಾಗಿ ಉಳಿಸಿಕೊಂಡಿರುವುದೇ ಕೌಂಟಿ ಕ್ರಿಕೆಟ್ಟಿನ ನಿಜವಾದ ಸಾಧನೆ, ಮತ್ತು ಅದು ಯಾವ ಅಂಕಪಟ್ಟಿಯಲ್ಲೂ ಕಾಣುವಂಥದ್ದಲ್ಲ.